ದೂರು ಕೇಳುವವರು ಯಾರು?

ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಎದುರಿಗೆ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರು, ಕೆಲವು ಅಧ್ಯಾಪಕರು ಇದ್ದರು. ಬರೆದು ಕೊಡಿ ಎಂದು ಆಮೇಲೆ ಕೇಳಿದರು. ಆಡಿದ ಹಾಗೆಯೇ ಇಳಿಸಲು ನೋಡಿದ್ದೇನೆ. ವೇಳೆ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಮೊದಲ ಪ್ಯಾಚ್‌ನಿಂದ ಶುರು ಮಾಡುತ್ತೇನೆ. ಪ್ಯಾಚ್ ಅಂದರೆ ಸಾಫ್ಟ್‌ವೇರ್‌ನ ತಪ್ಪು ಸರಿ ಮಾಡಲು ಕಳಿಸುವ ಕೋಡ್ ತುಣುಕು. ಆಗ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಪಿಡಿಎಫ್ ಓದುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದದ್ದು, ಬಳಸುತ್ತಿದ್ದೆ. ಅದರಲ್ಲಿ ಕನ್ನಡ ಕಾಪಿ ಮಾಡಿದರೆ ಅರ್ಕಾವೊತ್ತು ಜಾಗ ತಪ್ಪುತ್ತಿತ್ತು. 'ಕರ್ನಾಟಕ' ಎಂದು ಹುಡುಕಿದರೆ ಸಿಗುತ್ತಲೇ ಇರಲಿಲ್ಲ. ಹದಿನೈದು ದಿನ ರಾತ್ರಿ ಕೂತು ಸರಿ ಮಾಡಿ ಕಳಿಸಿದೆ. ಮೂರನೇ ದಿನ ಉತ್ತರ ಬಂತು. ಎರಡೇ ವಾಕ್ಯ. ಎರಡು ಒತ್ತು ಒಟ್ಟಿಗೆ ಬಂದರೆ ಈ ಕೋಡ್ ಕೆಲಸ ಮಾಡುವುದಿಲ್ಲ ಎಂಬುದು ಮೊದಲನೆಯದು. ನೆಟ್ಟಗೆ ಇಂಗ್ಲಿಷ್ ಬರೆಯಲು ಬಾರದವರು ನನ್ನ ಸಮಯ ಹಾಳು ಮಾಡಬೇಡಿ ಎಂಬುದು ಎರಡನೆಯದು.

ಮೊದಲ ವಾಕ್ಯ ನಿಜ. ನಾನು ಆ ಸಂದರ್ಭವನ್ನು ನೋಡಿರಲಿಲ್ಲ. ತಪ್ಪು ನನ್ನದೇ. ಆದರೆ ನನ್ನನ್ನು ಎಂಟು ತಿಂಗಳು ಕೀಬೋರ್ಡ್‌ನಿಂದ ದೂರ ಇಟ್ಟದ್ದು ಎರಡನೇ ವಾಕ್ಯ. ಅದನ್ನು ಯಾರಿಗೆ ಹೇಳಬೇಕು ಅಂತಲೂ ಗೊತ್ತಿರಲಿಲ್ಲ. ಹೇಳಲು ಜಾಗವೇ ಇರಲಿಲ್ಲ. ಆ ಯೋಜನೆಯ ಹೆಸರು ಇಲ್ಲಿ ಬೇಡ. ಅಂಥ ಅನುಭವ ಬಹಳ ಜನರಿಗೆ ಬಹಳ ಕಡೆ ಆಗಿದೆ.

ಆ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ನನಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ನಮ್ಮದು ಗುಳೇದಗುಡ್ಡ. ಅಪ್ಪ ಖಣ ನೇಯುತ್ತಿದ್ದರು. ವಾರಕ್ಕೊಮ್ಮೆ ನೇಯ್ದದ್ದನ್ನು ಮಡಚಿಕೊಂಡು ಸಾಹುಕಾರರ ಅಂಗಡಿಗೆ ಹೋಗುತ್ತಿದ್ದರು. ನಾನೂ ಹಿಂದೆ ಹೋಗುತ್ತಿದ್ದೆ. ಸಾಹುಕಾರರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಇಲ್ಲೊಂದು ಎಳಿ ತಪ್ಪೇತಿ ನೋಡ್ರಿ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ರೊಕ್ಕ ಕಡಿತ ಆಗುತ್ತಿತ್ತು. ಅಪ್ಪ ತಲೆಯಾಡಿಸಿ ಮನೆಗೆ ಬಂದು, ಮುಂದಿನ ವಾರ ಅದೇ ಜಾಗದಲ್ಲಿ ಹುಷಾರಾಗಿರುತ್ತಿದ್ದರು. ಇನ್ನೊಬ್ಬ ಸಾಹುಕಾರ ಇದ್ದ. ರೊಕ್ಕ ಸ್ವಲ್ಪ ಜಾಸ್ತಿಯೇ ಕೊಡುತ್ತಿದ್ದ. ಆದರೆ ಎಳೆ ತಪ್ಪಿದರೆ "ನಿಮ್ಮಂಥವ್ರು ಮಗ್ಗಕ್ಕ ಕೂಡ್ರಬಾರ್ದು" ಅನ್ನುತ್ತಿದ್ದ. ಅಪ್ಪ ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಇಬ್ಬರೂ ಹುಡುಕಿದ್ದು ಒಂದೇ ತಪ್ಪು. ಒಬ್ಬರು ಬಟ್ಟೆಯ ಬಗ್ಗೆ ಹೇಳಿದರು, ಇನ್ನೊಬ್ಬ ನೇಕಾರನ ಬಗ್ಗೆ ಹೇಳಿದ.

ಜಗತ್ತಿನ ದೊಡ್ಡ ದೊಡ್ಡ ಓಪನ್ ಸೋರ್ಸ್ ಸಮುದಾಯಗಳು ಹತ್ತು ಹದಿನೈದು ವರ್ಷಗಳಿಂದ ಜಗಳ ಆಡುತ್ತಿರುವುದು ಇದೇ ವಿಷಯಕ್ಕೆ. ಅವರು ಅದನ್ನು ಕೋಡ್ ಆಫ್ ಕಂಡಕ್ಟ್ ಅನ್ನುತ್ತಾರೆ. ನೀತಿ ಸಂಹಿತೆ ಎಂದರೆ ನಮಗೆ ಚುನಾವಣೆಯೇ ನೆನಪಾಗುತ್ತದೆ, ಅಲ್ವಾ? ಅದಕ್ಕೆ ನಾನು ನಡತೆಯ ನಿಯಮ ಅನ್ನುತ್ತೇನೆ.

ಲಿನಕ್ಸ್ ಕಥೆ ನಿಮಗೆ ಅರ್ಧ ಗೊತ್ತಿರುತ್ತದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಕೆಲಸ. ಅದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಕರ್ನಲ್ ಇದೆ. ಲೈನಸ್ ಅವರ ಕೆಲಸಕ್ಕೆ ಎಷ್ಟು ಹೆಸರೋ ಅವರ ಬಾಯಿಗೂ ಅಷ್ಟೇ ಹೆಸರು. ಕೆಟ್ಟ ಕೋಡ್ ಕಳಿಸಿದವರನ್ನು ಎಲ್ಲರೆದುರು ಬೈಯುತ್ತಿದ್ದರು. 2013ರಲ್ಲಿ ಸೇಜ್ ಶಾರ್ಪ್ ಎಂಬ ಡೆವಲಪರ್ ಬಹಿರಂಗವಾಗಿಯೇ ಅವರಿಗೆ ಹೇಳಿದರು, ಈ ಬೈಗುಳ ನಿಲ್ಲಿಸಿ ಎಂದು. ಶಾರ್ಪ್ ಸುಮ್ನೆ ಬಂದು ಹೋದವರಲ್ಲ. ಯುಎಸ್‌ಬಿ 3.0 ಡ್ರೈವರ್ ನೋಡಿಕೊಳ್ಳುತ್ತಿದ್ದವರು. ಲೈನಸ್ ಒಪ್ಪಲಿಲ್ಲ. ತಾನು ಇರುವುದೇ ಹೀಗೆ ಎಂದರು. 2015ರಲ್ಲಿ ಶಾರ್ಪ್ ಕರ್ನಲ್ ಕೆಲಸ ಬಿಟ್ಟುಹೋಗಿರುವುದಾಗಿ ಬರೆದರು. ಕಾರಣ, ಅಲ್ಲಿನ ಮಾತಿನ ರೀತಿ.

ಅದೇ 2015ರ ಮಾರ್ಚ್‌ನಲ್ಲಿ ಕರ್ನಲ್‌ಗೆ ಮೊದಲ ಬಾರಿ ಒಂದು ಲಿಖಿತ ನಿಯಮ ಬಂದಿತ್ತು. ಅದರ ಹೆಸರು 'ಕೋಡ್ ಆಫ್ ಕಾನ್‌ಫ್ಲಿಕ್ಟ್'. ಸಂಘರ್ಷದ ನಿಯಮ! ಸಣ್ಣ ಬರಹ. ನಿಮ್ಮ ಕೋಡ್ ಟೀಕೆಗೆ ಒಳಗಾಗುವುದು ಖಂಡಿತ, ಅದಕ್ಕೆ ತಯಾರಿರಿ ಎಂಬುದೇ ಅದರ ಮುಖ್ಯ ಧಾಟಿ. ಯಾರಾದರೂ ವೈಯಕ್ತಿಕವಾಗಿ ನಿಂದಿಸಿದರೆ ತಾಂತ್ರಿಕ ಸಲಹಾ ಮಂಡಳಿಗೆ ಹೇಳಿ ಎಂದೂ ಇತ್ತು. ಮೂರು ವರ್ಷ ಅದು ನಡೆಯಿತು. 2018ರ ಸೆಪ್ಟೆಂಬರ್ 16ರಂದು ಲೈನಸ್ ಒಂದು ಪತ್ರ ಬರೆದರು. ತನ್ನ ಮಾತುಗಳು ವೃತ್ತಿಗೆ ತಕ್ಕದ್ದಾಗಿರಲಿಲ್ಲ, ಜನರಿಗೆ ನೋವಾಗಿದೆ ಎಂದು ಕ್ಷಮೆ ಕೇಳಿದರು. ಬೇರೆಯವರ ಭಾವನೆ ಅರ್ಥ ಮಾಡಿಕೊಳ್ಳಲು ಸಹಾಯ ಪಡೆಯುತ್ತೇನೆ, ಸ್ವಲ್ಪ ದಿನ ಕೆಲಸದಿಂದ ದೂರ ಇರುತ್ತೇನೆ ಎಂದರು. ಹಳೆಯ ನಿಯಮ ಹೋಗಿ ಹೊಸ ನಡತೆಯ ನಿಯಮ ಬಂತು. ಅವರು ಇಲ್ಲದ ದಿನಗಳಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಕೆಲಸ ನೋಡಿಕೊಂಡರು. ಅಕ್ಟೋಬರ್‌ನಲ್ಲಿ ಲೈನಸ್ ಮರಳಿದರು. ಕರ್ನಲ್ ನಿಲ್ಲಲಿಲ್ಲ. ನಿಯಮ ಬಂದರೆ ಗುಣಮಟ್ಟ ಕುಸಿಯುತ್ತದೆ, ಒಳ್ಳೆಯ ಡೆವಲಪರ್‌ಗಳು ಬಿಟ್ಟು ಹೋಗುತ್ತಾರೆ ಎಂದು ಆಗ ಬಹಳ ಜನ ಹೆದರಿಸಿದ್ದರು. ಹಾಗೆ ಆಗಲಿಲ್ಲ.

ಇಷ್ಟು ಹೇಳುವಾಗ ನಡುವೆ ಒಬ್ಬ ಹುಡುಗ ಕೈ ಎತ್ತಿದ. "ಮೇಡಮ್, ನಮ್ಮ ಕಡೆ ಮಾತs ಹಿಂಗ ಅದಾವಲ್ರೀ. ಲೇ ಅಂದ್ರ ಬೈಗುಳಲ್ಲ, ಪ್ರೀತಿ." ಎಲ್ಲರೂ ನಕ್ಕರು. ನನಗೆ ಈ ಪ್ರಶ್ನೆ ಬಹಳ ಇಷ್ಟವಾಯಿತು. ಏಕೆಂದರೆ ಲೈನಸ್ ಪರ ವಾದ ಮಾಡಿದವರೂ ಇದನ್ನೇ ಹೇಳಿದ್ದರು. ನಮ್ಮ ಮಾತು ನೇರ, ಒಳಗೆ ವಿಷ ಇಲ್ಲ ಎಂದು.

'ಲೇ' ಪ್ರೀತಿಯೇ. ನಾನೂ ನನ್ನ ಗೆಳತಿಯರನ್ನು ಹಾಗೇ ಕರೆಯುತ್ತೇನೆ. ಆದರೆ ಒಂದು ಪರೀಕ್ಷೆ ಇದೆ. ನೀನು 'ಲೇ' ಅಂದವನು ತಿರುಗಿ ನಿನಗೆ 'ಲೇ' ಅನ್ನಬಹುದಾ? ಅನ್ನಬಹುದಾದರೆ ಅದು ಪ್ರೀತಿ. ಮಾಲೀಕ ಆಳಿಗೆ 'ಲೇ' ಅಂದು, ಆಳು 'ರೀ' ಅಂತಲೇ ಉತ್ತರ ಕೊಡಬೇಕಾದರೆ ಅದು ಪ್ರೀತಿ ಅಲ್ಲ. ಹೊಸದಾಗಿ ಬಂದ ಹುಡುಗ ಲೈನಸ್‌ಗೆ ಅದೇ ಭಾಷೆಯಲ್ಲಿ ಉತ್ತರ ಕೊಡಲು ಸಾಧ್ಯವಿತ್ತಾ? ಕೊಟ್ಟಿದ್ದರೆ ಅವನ ಪ್ಯಾಚ್ ಮತ್ತೆ ಯಾರು ನೋಡುತ್ತಿದ್ದರು? ನೇರ ಮಾತು ಎರಡೂ ಕಡೆಗೆ ಹರಿಯಬೇಕು. ಮೇಲಿಂದ ಕೆಳಗೆ ಮಾತ್ರ ಹರಿದರೆ ಅದನ್ನು ನೇರ ಮಾತು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ವಾದ ಇದೆ. ಒಳ್ಳೆಯ ಮನುಷ್ಯರಿಗೆ ನಿಯಮ ಏಕೆ ಬರೆದು ಕೊಡಬೇಕು? ನಡತೆ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ? ಇದಕ್ಕೆ ಉತ್ತರ ನಾವು ಈಗ ಕೂತಿರುವ ಊರಿನಲ್ಲೇ ಇದೆ.

ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು. ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. ನಮ್ಮ ದೊಡ್ಡವ್ವನ ಮನೆಯೂ ಬಂತು. ಹಳೆಯ ಓಣಿಯಲ್ಲಿ ನೀರಿನ ಸರದಿಯನ್ನು ಯಾರೂ ಬರೆದಿರಲಿಲ್ಲ. ಮೊದಲು ಯಾರ ಕೊಡ, ಆಮೇಲೆ ಯಾರ ಕೊಡ ಎಂಬುದು ಹುಟ್ಟಿದಾಗಿನಿಂದ ಗೊತ್ತು. ಸೆಕ್ಟರ್‌ನಲ್ಲಿ ಹಾಗಲ್ಲ. ಎಡಗಡೆ ಮನೆಯವರು ಒಂದು ಓಣಿಯವರು, ಬಲಗಡೆಯವರು ಇನ್ನೊಂದು ಓಣಿಯವರು. ಎದುರಿಗೆ ವರ್ಗವಾಗಿ ಬಂದ ನೌಕರರ ಕುಟುಂಬ. ಮೊದಲ ಬೇಸಿಗೆಯಲ್ಲಿ ನಲ್ಲಿಯ ಹತ್ತಿರ ದಿನಾ ಜಗಳ. ಕೊನೆಗೆ ಯಾರೋ ಒಂದು ಕರಿಹಲಗೆ ತಂದು ಯಾವ ಮನೆಗೆ ಯಾವ ಹೊತ್ತು ಎಂದು ಬರೆದು ತೂಗುಹಾಕಿದರು. ಹಿರಿಯರಿಗೆ ಸಿಟ್ಟು ಬಂತು. "ಬರದು ಹಚ್ಚೂದು ಅಂದ್ರ ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಎಂದು ಕೇಳಿದರು. ಆ ಹಲಗೆಯಿಂದ ಖುಷಿಪಟ್ಟವರು ಇಬ್ಬರು. ಒಬ್ಬಳು ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಇನ್ನೊಬ್ಬರು ಒಂಟಿಯಾಗಿದ್ದ ಅಜ್ಜಿ. ಹಲಗೆ ಇಲ್ಲದಾಗ ಜೋರು ದನಿ ಇದ್ದವರ ಕೊಡ ಮೊದಲು ತುಂಬುತ್ತಿತ್ತು. ಈ ಇಬ್ಬರಿಗೂ ಜೋರು ದನಿ ಇರಲಿಲ್ಲ.

ಓಪನ್ ಸೋರ್ಸ್‌ನಲ್ಲೂ ಆದದ್ದು ಇಷ್ಟೇ. ಮೊದಲು ಸಣ್ಣ ಓಣಿ. ಒಬ್ಬರಿಗೊಬ್ಬರು ಪರಿಚಯ. ಆಮೇಲೆ ಬ್ರೆಜಿಲ್‌ನವರು ಬಂದರು, ಜಪಾನಿನವರು ಬಂದರು, ನಾವು ಬಂದೆವು. ಓಣಿಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಗೊತ್ತಿದ್ದ ಸರದಿ, ಹೊರಗಿಂದ ಬಂದವರಿಗೆ ಹೇಗೆ ತಿಳಿಯಬೇಕು? ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಮ್ ಉಬುಂಟು ಶುರುವಿನ ದಿನಗಳಲ್ಲೇ ನಡತೆಯ ನಿಯಮ ಬರೆದುಕೊಂಡಿತು. ಸದಸ್ಯರಾಗುವವರು ಅದಕ್ಕೆ ತಮ್ಮ ಡಿಜಿಟಲ್ ಕೀಲಿಯಿಂದ ಸಹಿ ಹಾಕುತ್ತಿದ್ದರು. ಅದೇ ಬಗೆಯ ಡೆಬಿಯನ್ 2014ರಲ್ಲಿ ಮತ ಹಾಕಿ ಒಪ್ಪಿಕೊಂಡಿತು. ವಿಕಿಪೀಡಿಯಾ ನಡೆಸುವ ವಿಕಿಮೀಡಿಯ ಸಂಸ್ಥೆಯ ಮಂಡಳಿ ಎಲ್ಲ ಭಾಷೆಗಳಿಗೂ ಸೇರಿ ಒಂದೇ ನಿಯಮ ಒಪ್ಪಿತು, 2021ರಲ್ಲಿ ಅದು ಪ್ರಕಟವಾಯಿತು. ನಿಮ್ಮಲ್ಲಿ ಯಾರಾದರೂ ಕನ್ನಡ ವಿಕಿಪೀಡಿಯಾದಲ್ಲಿ ಬರೆಯುತ್ತಿದ್ದರೆ ಅದು ನಿಮಗೂ ಅನ್ವಯಿಸುತ್ತದೆ.

ಹೆಚ್ಚು ಜಗಳ ಆದದ್ದು ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ನಿಯಮದ ಸುತ್ತ. 2014ರಲ್ಲಿ ಕೊರಲಿನ್ ಅಡಾ ಎಮ್ಕೆ ಬರೆದದ್ದು. ಲಿನಕ್ಸ್ 2018ರಲ್ಲಿ ತೆಗೆದುಕೊಂಡದ್ದೂ ಅದನ್ನೇ ಆಧರಿಸಿದ ನಿಯಮ. ಯಾರನ್ನೂ ಯಾವ ಕಾರಣಕ್ಕೆ ಕೀಳಾಗಿ ಕಾಣಬಾರದು ಎಂಬ ಉದ್ದ ಪಟ್ಟಿ ಅದರಲ್ಲಿದೆ. ವಯಸ್ಸು, ಮೈಕಟ್ಟು, ಅಂಗವೈಕಲ್ಯ, ಲಿಂಗ, ಓದು, ಅನುಭವ, ದೇಶ, ಧರ್ಮ. ಆ ಪಟ್ಟಿಯಲ್ಲಿ ನಮಗೆ ಬೇಕಾದ ಒಂದು ಪದ ಮೊದಲು ಇರಲಿಲ್ಲ. ಜಾತಿ. ಅದು ಸೇರಿದ್ದು 2021ರಲ್ಲಿ, 2.1ನೇ ಆವೃತ್ತಿಯಲ್ಲಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೋಡ್ ಬರೆಯುವಲ್ಲಿ ಜಾತಿ ಎಲ್ಲಿಂದ ಬಂತು ಎಂದು ನನ್ನ ಸಹೋದ್ಯೋಗಿಗಳೇ ಕೇಳಿದ್ದಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೇಳದೆ ಪರಿಚಯ ಮುಗಿಯುತ್ತದಾ? ಅಡ್ಡಹೆಸರಿನಲ್ಲಿ ಊರು ಇರುತ್ತದೆ, ಕಸುಬು ಇರುತ್ತದೆ, ಎಷ್ಟೋ ಸಲ ಜಾತಿಯೂ ಇರುತ್ತದೆ. ಅದೇ ಅಡ್ಡಹೆಸರು ನಿಮ್ಮ ಇಮೇಲ್ ವಿಳಾಸದಲ್ಲೂ ಇರುತ್ತದೆ. ಪ್ಯಾಚ್ ಕಳಿಸಿದಾಗ ಅದೂ ಜೊತೆಗೆ ಹೋಗುತ್ತದೆ. ಜರ್ಮನಿಯವರಿಗೆ ಅದು ಬರೀ ಅಕ್ಷರ. ರಿವ್ಯೂ ಮಾಡುವವರು, ಅಂದರೆ ಪ್ಯಾಚ್ ನೋಡಿ ಬೇಕೋ ಬೇಡವೋ ಹೇಳುವವರು, ನಮ್ಮವರೇ ಆಗಿದ್ದರೆ ಅವರು ಓದಿಕೊಳ್ಳುತ್ತಾರೆ. ಅಡ್ಡಹೆಸರು ಬಿಟ್ಟು ಬರೀ ಹೆಸರಿನಲ್ಲಿ ಕೆಲಸ ಮಾಡುವ ಹುಡುಗರನ್ನು ನಾನು ಬಲ್ಲೆ. ಏಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. 2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು. ಅಮೆಜಾನ್ ಕಂಪನಿಯ ಮುಖ್ಯ ಕಚೇರಿ ಇರುವ ಊರು ಅದು. ಜಾತಿ ಕಡಲು ದಾಟಿದೆ ಎಂದು ಅವರು ಒಪ್ಪಿಕೊಂಡ ಮೇಲೆ ಇಲ್ಲ ಎನ್ನಲು ನಾವು ಯಾರು? ಒಂದು ಪದ ಸೇರಿದ್ದಕ್ಕೆ ಎಲ್ಲ ಸರಿಯಾಗುವುದಿಲ್ಲ, ನನಗೆ ಗೊತ್ತು. ಆದರೆ ಆ ಪದ ಅಲ್ಲಿದ್ದರೆ ದೂರು ಕೊಡುವವರು ಮೊದಲು ಜಾತಿ ಎಂದರೇನು ಎಂದು ಪಾಠ ಮಾಡಬೇಕಿಲ್ಲ. ಅಷ್ಟು ಭಾರ ಕಡಿಮೆ.

ವಿರೋಧ ಮಾಡಿದವರ ಮಾತನ್ನೂ ನ್ಯಾಯವಾಗಿ ಹೇಳಬೇಕು. ಅವರೆಲ್ಲ ಕೆಟ್ಟವರಲ್ಲ. ಇದು ಅಮೆರಿಕದ ರಾಜಕೀಯ, ನಮ್ಮ ಮೇಲೇಕೆ ಹೇರುತ್ತೀರಿ ಎಂದು ಕೆಲವರು ಕೇಳಿದರು. 'ಅನುಚಿತ ವರ್ತನೆ' ಎಂಬಂಥ ಸಡಿಲ ಪದಗಳನ್ನು ಯಾರು ಬೇಕಾದರೂ ಆಯುಧ ಮಾಡಿಕೊಳ್ಳಬಹುದು ಎಂದು ಇನ್ನು ಕೆಲವರು ಹೇಳಿದರು. 2015ರಲ್ಲಿ ಒಪಾಲ್ ಎಂಬ ಯೋಜನೆಯಲ್ಲಿ ಒಂದು ದೊಡ್ಡ ವಾದ ಆಯಿತು. ಅಲ್ಲಿನ ಒಬ್ಬ ಡೆವಲಪರ್ ಟ್ವಿಟರ್‌ನಲ್ಲಿ ಬರೆದದ್ದಕ್ಕಾಗಿ ಅವರನ್ನು ಯೋಜನೆಯಿಂದ ತೆಗೆಯಿರಿ ಎಂಬ ಬೇಡಿಕೆ ಬಂದಿತ್ತು. ಹೊರಗೆ ಆಡಿದ ಮಾತಿಗೆ ಒಳಗೆ ಶಿಕ್ಷೆಯೇ? ಇದು ಕಷ್ಟದ ಪ್ರಶ್ನೆ. ಆ ಮಾತಿನಿಂದ ಒಳಗೆ ಇರುವವರಿಗೆ ಅವರ ಜೊತೆ ಕೆಲಸ ಮಾಡಲು ಭಯವಾಗುತ್ತದಾ ಎಂಬುದನ್ನು ನಾನು ನೋಡುತ್ತೇನೆ. ಭಯ ಬೇರೆ, ಒಪ್ಪದಿರುವುದು ಬೇರೆ. ಒಪ್ಪದವರನ್ನೆಲ್ಲ ಹೊರಗೆ ಹಾಕಿದರೆ ಉಳಿಯುವುದು ನಮ್ಮ ಗೆಳೆಯರು ಮಾತ್ರ.

2016ರಲ್ಲಿ ಇದೇ ಚರ್ಚೆ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯಕ್ಕೂ ಬಂತು. ಆ ಭಾಷೆ ಕಟ್ಟಿದ ಜಪಾನಿನ ಮಾತ್ಸುಮೊಟೊ ಕಾಂಟ್ರಿಬ್ಯೂಟರ್ ಕವನೆಂಟ್ ಬೇಡ ಎಂದು ನಾಲ್ಕೇ ಸಾಲಿನ ಸೂತ್ರ ಆರಿಸಿಕೊಂಡರು. ಬೇರೆ ಅಭಿಪ್ರಾಯ ಸಹಿಸಿ, ವೈಯಕ್ತಿಕ ದಾಳಿ ಬೇಡ, ಬೇರೆಯವರ ಮಾತಿನಲ್ಲಿ ಒಳ್ಳೆಯ ಉದ್ದೇಶ ಇದೆ ಎಂದುಕೊಳ್ಳಿ, ಕಿರುಕುಳ ಸಹಿಸುವುದಿಲ್ಲ. ಓದಲು ಬಹಳ ಚೆನ್ನಾಗಿದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಕಟ್ಟಿದ ರಿಚರ್ಡ್ ಹಿಪ್ ಇನ್ನೂ ಬೇರೆ ದಾರಿ ಹಿಡಿದರು. 6ನೇ ಶತಮಾನದ ಕ್ರೈಸ್ತ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮಗಳನ್ನೇ ತಂದು ಇಟ್ಟರು. 2018ರಲ್ಲಿ ಅದರ ಮೇಲೆ ದೊಡ್ಡ ಗದ್ದಲವಾಗಿ, ಆಮೇಲೆ ಅದಕ್ಕೆ ನೀತಿಯ ಸೂತ್ರ ಎಂದು ಹೆಸರು ಬದಲಾಯಿಸಿದರು. ಅವರು ಮನಸ್ಸಿನಿಂದಲೇ ಅದನ್ನು ನಂಬಿದ್ದರು ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ.

ಆದರೆ ರೂಬಿಯ ನಾಲ್ಕು ಸಾಲಿನಲ್ಲಿ, ಬೆನೆಡಿಕ್ಟ್ ಸಂತರ ನಿಯಮದಲ್ಲಿ ನಾನು ಹುಡುಕುವುದು ಒಂದೇ. ನನಗೆ ನೋವಾದರೆ ಯಾರ ಹತ್ತಿರ ಹೋಗಬೇಕು? ಅದು ಅಲ್ಲಿಲ್ಲ. ಎಷ್ಟು ಒಳ್ಳೆಯ ಮಾತು ಬರೆದರೂ ದೂರು ಕೇಳುವವರ ಹೆಸರು ಇಲ್ಲದಿದ್ದರೆ ಅದು ಗೋಡೆ ಬರಹ. ಜಗಳವೆಲ್ಲ ಯಾವ ಪದ ಇರಬೇಕು, ಯಾವ ಪದ ಬೇಡ ಎಂಬುದರ ಮೇಲೆಯೇ ನಡೆಯಿತು. ನಿಜವಾದ ಕೆಲಸ ಅದಾದ ಮೇಲೆ ಶುರುವಾಗುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಕನ್ನಡ ಪದ ತಪ್ಪು ಹುಡುಕುವ ಒಂದು ಸಣ್ಣ ಯೋಜನೆಯಲ್ಲಿ ನಾವು ಐದು ಜನ ಇದ್ದೆವು. ಎಲ್ಲರೂ ಮಾಡುತ್ತಾರೆ ಎಂದು ನಾವೂ ಒಂದು ನಡತೆಯ ನಿಯಮ ಹಾಕಿಕೊಂಡೆವು. ಐದು ನಿಮಿಷದ ಕೆಲಸ. ಕಾಂಟ್ರಿಬ್ಯೂಟರ್ ಕವನೆಂಟ್‌ನ ಮಾದರಿ ತಂದು ಅಂಟಿಸಿದೆವು. ಆ ಮಾದರಿಯಲ್ಲಿ 'ಇಲ್ಲಿ ಸಂಪರ್ಕದ ವಿಳಾಸ ತುಂಬಿ' ಎಂದು ಒಂದು ಖಾಲಿ ಜಾಗ ಇರುತ್ತದೆ. ನಾವು ತುಂಬಲಿಲ್ಲ. ಇಂದಿಗೂ ಎಷ್ಟೋ ಯೋಜನೆಗಳಲ್ಲಿ ಆ ಸಾಲು ಹಾಗೇ ಇದೆ. ಹೋಗಿ ನೋಡಿ.

ಒಂದು ದಿನ ಒಬ್ಬ ಕಾಲೇಜು ಹುಡುಗಿ ನನಗೇ ನೇರವಾಗಿ ಬರೆದಳು. ನಮ್ಮ ಪದಪಟ್ಟಿಗೆ ನೇಕಾರಿಕೆಯ ಪದಗಳನ್ನು ಸೇರಿಸುತ್ತಿದ್ದವಳು. ನಮ್ಮ ಐವರಲ್ಲಿ ಒಬ್ಬ ರಾತ್ರಿ ಹೊತ್ತು ಖಾಸಗಿಯಾಗಿ ಮೆಸೇಜ್ ಮಾಡುತ್ತಾನೆ, ಕೆಲಸಕ್ಕೆ ಸಂಬಂಧವಿಲ್ಲದ್ದು ಕೇಳುತ್ತಾನೆ, ಉತ್ತರ ಕೊಡದಿದ್ದರೆ ತನ್ನ ಪದಗಳ ರಿವ್ಯೂ ತಡವಾಗುತ್ತದೆ ಎಂದಳು. ಅವನು ನನಗೆ ಆರು ವರ್ಷದ ಗೆಳೆಯ. ನಾನು ಅವಳಿಗೆ ಬರೆದೆ. ಅವನು ಒಳ್ಳೆಯವನು, ನೀವು ತಪ್ಪು ತಿಳಿದಿರಬಹುದು, ನಾನು ಮಾತಾಡುತ್ತೇನೆ ಎಂದು. ಅವನಿಗೆ ಫೋನ್ ಮಾಡಿ ನಗುತ್ತಲೇ ಹೇಳಿದೆ. ಅವನೂ ನಕ್ಕ. ಹುಡುಗಿ ಮತ್ತೆ ಬರಲಿಲ್ಲ.

ನಾನು ಮಾಡಿದ್ದು ತಪ್ಪು. ಅವಳು ಮಾತು ಮುಗಿಸುವ ಮೊದಲೇ ನಾನು ತೀರ್ಪು ಕೊಟ್ಟಿದ್ದೆ. ಅವಳು ದೂರು ಕೊಟ್ಟಿದ್ದಾಳೆ ಎಂಬುದನ್ನು, ಅವಳನ್ನು ಕೇಳದೆ, ಯಾರ ಮೇಲೆ ದೂರೋ ಅವನಿಗೇ ಹೇಳಿದ್ದೆ. ಒಳ್ಳೆಯ ಉದ್ದೇಶ ಇದೆ ಎಂದುಕೊಳ್ಳಿ ಎಂಬ ರೂಬಿಯ ಸಾಲು ನನಗೆ ಏಕೆ ಸಾಲದು ಅನ್ನಿಸುತ್ತದೆ ಎಂದರೆ ಇದಕ್ಕೇ. ನಾನು ಒಳ್ಳೆಯ ಉದ್ದೇಶ ಕಂಡದ್ದು ನನಗೆ ಪರಿಚಯ ಇದ್ದವನಲ್ಲಿ. ಪರಿಚಯ ಇಲ್ಲದವಳಲ್ಲಿ ಕಾಣಲಿಲ್ಲ.

ನಿಮ್ಮ ಕಾಲೇಜಿನ ಗೋಡೆಯ ಮೇಲೆ ಆಂತರಿಕ ದೂರು ಸಮಿತಿಯ ಬೋರ್ಡ್ ಇರಬೇಕು. 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪಿನಲ್ಲಿ ಹಾಕಿದ ದಾರಿ, 2013ರಲ್ಲಿ ಕಾನೂನಾಯಿತು. ಸಮಿತಿಯ ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು. ಸಂಸ್ಥೆಯ ಹೊರಗಿನವರು ಒಬ್ಬರು ಇರಲೇಬೇಕು. ಹೊರಗಿನವರು ಏಕೆ ಎಂದು ನನಗೆ ಆ ಹುಡುಗಿ ಹೋದ ಮೇಲೆ ತಿಳಿಯಿತು. ಒಳಗಿನವರೆಲ್ಲ ಯಾರದೋ ಗೆಳೆಯರು. ಲಿನಕ್ಸ್ ಕರ್ನಲ್ ಕೂಡ 2018ರಲ್ಲಿ ತನ್ನ ಸಮಿತಿಯ ಜೊತೆಗೆ ಹೊರಗಿನ ಮಧ್ಯಸ್ಥರೊಬ್ಬರನ್ನು ಇಟ್ಟುಕೊಂಡಿತು. ಆ ಕೆಲಸಕ್ಕೆ ಬಂದವರು ಮಿಶಿ ಚೌಧರಿ. ನಮ್ಮ ದೇಶದಲ್ಲೇ ಸಾಫ್ಟ್‌ವೇರ್ ಸ್ವಾತಂತ್ರ್ಯದ ಕಾನೂನು ಕೆಲಸ ಕಟ್ಟಿದ ವಕೀಲೆ.

ನಾವೂ ಬದಲಾಯಿಸಿಕೊಂಡೆವು. ಯೋಜನೆಗೆ ಸಂಬಂಧವೇ ಇಲ್ಲದ ಒಬ್ಬ ಶಿಕ್ಷಕಿಯನ್ನು ಕೇಳಿಕೊಂಡು ದೂರು ಕೇಳಲು ಇಟ್ಟೆವು. ಯಾರ ಮೇಲೆ ದೂರೋ ಅವರ ಹತ್ತಿರದವರು ಆ ವಿಷಯದಿಂದ ದೂರ ಇರಬೇಕು. ಮೂರು ದಿನದೊಳಗೆ ಉತ್ತರ ಹೋಗಬೇಕು. ಏನು ತೀರ್ಮಾನವಾಯಿತು ಎಂದು ದೂರು ಕೊಟ್ಟವರಿಗೆ ತಿಳಿಸಬೇಕು. ಗೆಳೆಯನನ್ನು ರಿವ್ಯೂ ಕೆಲಸದಿಂದ ತೆಗೆದೆವು. ಅಲ್ಲಿಗೆ ನಮ್ಮ ಗೆಳೆತನವೂ ಮುಗಿಯಿತು.

ದೂರು ಕೇಳುವವರ ಮೇಲೆ ಯಾರ ಕಣ್ಣು ಎಂಬ ಪ್ರಶ್ನೆಯೂ ಇದೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಮೊದಲ ದಿನಗಳಿಂದ ನಡತೆಯ ನಿಯಮ ಇಟ್ಟುಕೊಂಡವರು. ಆದರೂ 2021ರ ನವೆಂಬರ್‌ನಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಅವರ ಮಾಡರೇಷನ್ ತಂಡ ಒಟ್ಟಿಗೆ ರಾಜೀನಾಮೆ ಕೊಟ್ಟಿತು. ಎಲ್ಲರ ಮೇಲೂ ನಿಯಮ ನಡೆಯುತ್ತದೆ, ಮುಂದಾಳುಗಳ ಕೋರ್ ತಂಡದ ಮೇಲೆ ಮಾತ್ರ ನಡೆಯುವುದಿಲ್ಲ ಎಂಬುದು ಅವರ ದೂರು. ಆಮೇಲೆ ಆಡಳಿತವನ್ನೇ ಮತ್ತೆ ಕಟ್ಟಬೇಕಾಯಿತು. 2023ರಲ್ಲಿ ಹೊಸ ನಾಯಕತ್ವ ಮಂಡಳಿ ಬಂತು. ಪೈಥಾನ್ ಎಂಬ ಭಾಷೆಯ ಸಮುದಾಯದಲ್ಲಿ ಇದರ ಇನ್ನೊಂದು ಮುಖ ಕಂಡಿತು. 2024ರ ಆಗಸ್ಟ್‌ನಲ್ಲಿ ಅಲ್ಲಿನ ಹಳೆಯ ಡೆವಲಪರ್ ಟಿಮ್ ಪೀಟರ್ಸ್ ಅವರನ್ನು ಮೂರು ತಿಂಗಳು ಅಮಾನತು ಮಾಡಿದರು. ಟಿಮ್‌ಸಾರ್ಟ್ ಎಂಬ ಸಾರ್ಟಿಂಗ್ ವಿಧಾನಕ್ಕೆ ಹೆಸರು ಬಂದದ್ದು ಅವರಿಂದ. ಪ್ರಕಟಣೆಯಲ್ಲಿ ಅವರ ಹೆಸರು ಇರಲಿಲ್ಲ, ಕಾರಣಗಳ ಪಟ್ಟಿ ಇತ್ತು. ಆ ಕಾರಣಗಳು ಅಷ್ಟು ದೊಡ್ಡವಾ ಎಂದು ಬಹಳ ಜನ ಕೇಳಿದರು. ನನಗೂ ಕೆಲವು ಕಾರಣಗಳು ಸಣ್ಣವು ಅನ್ನಿಸಿದವು. ಆದರೆ ದೊಡ್ಡ ಹೆಸರು ಎಂಬ ಕಾರಣಕ್ಕೆ ಮುಟ್ಟಬಾರದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಹಾಗೆಯೇ ಸಮಿತಿ ಹೇಳಿತು ಎಂಬ ಕಾರಣಕ್ಕೆ ಪ್ರಶ್ನೆ ಕೇಳಬಾರದು ಎಂಬುದೂ ಒಪ್ಪಿಗೆಯಿಲ್ಲ. ದೂರು ಕೊಟ್ಟವರ ಹೆಸರು ಗುಟ್ಟಾಗಿರಲಿ. ತೀರ್ಮಾನ ಹೇಗೆ ಆಯಿತು ಎಂಬುದು ಗುಟ್ಟಾಗುವುದು ಬೇಡ.

ಇನ್ನು ನಮ್ಮ ಕಡೆಯ ತಪ್ಪು. ಇದನ್ನು ಹೇಳದೆ ಹೋದರೆ ನಿಮಗೆ ಅನ್ಯಾಯ ಮಾಡಿದಂತೆ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಉತ್ಸವ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುತ್ತದೆ. ನಾಲ್ಕು ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಿದರೆ ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ ಸಾವಿರಾರು ಜನ ಸುಮ್ನೆ ಒಂದು ಪದ ಬದಲಿಸಿ, ಯೋಜನೆಯ ಪರಿಚಯ ಇರುವ ರೀಡ್‌ಮಿ ಕಡತಕ್ಕೆ 'ಅದ್ಭುತ ಯೋಜನೆ' ಎಂದು ಸೇರಿಸಿ ಕಳಿಸಿದರು. ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳು ಬಹಳ ಮಂದಿ ಇದ್ದರು. ಸಂಬಳವಿಲ್ಲದೆ ಯೋಜನೆ ನೋಡಿಕೊಳ್ಳುವ ಮೇಂಟೇನರ್‌ಗಳು ದಿನವಿಡೀ ಅದನ್ನೇ ಮುಚ್ಚುತ್ತಾ ಕೂತರು. ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಾಯಿಸಬೇಕಾಯಿತು. ಒಪ್ಪಿದ ಯೋಜನೆಗಳಿಗೆ ಮಾತ್ರ ಕಳಿಸಬೇಕು ಎಂದರು. ಬೇರೆಯವರ ಹೊತ್ತನ್ನು ಹಾಗೆ ತಿನ್ನುವುದೂ ಕೆಟ್ಟ ನಡತೆಯೇ. ಅದಾದ ಮೇಲೆ ಕೆಲವರು ಭಾರತದವರು ಎಂದರೆ ಹೀಗೇ ಎಂದು ಬರೆದರು. ಅದು ಇನ್ನೂ ಕೆಟ್ಟದ್ದು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಲು ಆಗುವುದಿಲ್ಲ.

ಕೊನೆಗೆ ಕೆಲವು ಪ್ರಶ್ನೆಗಳು ಬಂದವು.

ಒಬ್ಬ ಹುಡುಗ ತನ್ನ ಇಂಗ್ಲಿಷ್ ಸರಿಯಿಲ್ಲ, ಹೇಗೆ ಬರೆಯಲಿ ಎಂದು ಕೇಳಿದ. ಸಣ್ಣ ವಾಕ್ಯ ಸಾಕು ಎಂದೆ. ಏನು ತಪ್ಪಾಗುತ್ತಿದೆ, ಏನು ಆಗಬೇಕಿತ್ತು, ಯಾವ ಕಂಪ್ಯೂಟರ್‌ನಲ್ಲಿ ನೋಡಿದೆ, ಇಷ್ಟು ಬರೆ. 'ರೆಸ್ಪೆಕ್ಟೆಡ್ ಸರ್' ಬೇಡ. ಓದುವವರು ಹೆಣ್ಣುಮಗಳಿರಬಹುದು. ನಮ್ಮ 'ರೀ' ಇಂಗ್ಲಿಷ್‌ನಲ್ಲಿ ಇಲ್ಲ, ಅದಕ್ಕೆ 'ಸರ್' ಸೇರಿಸಿ ತುಂಬಿಸಬೇಕಿಲ್ಲ. ಹೆಸರು ಹಿಡಿದು ಕರೆದರೆ ಅಲ್ಲಿ ಅದು ಮರ್ಯಾದೆಯೇ.

ಒಂದು ಯೋಜನೆಗೆ ಸೇರುವ ಮೊದಲು ಏನು ನೋಡಬೇಕು ಎಂದು ಒಬ್ಬ ಅಧ್ಯಾಪಕರು ಕೇಳಿದರು. ನಡತೆಯ ನಿಯಮದ ಕಡತ ತೆರೆದು ಮೊದಲ ಪುಟ ಬಿಟ್ಟುಬಿಡಿ ಎಂದೆ. ಕೆಳಗೆ ಹೋಗಿ. ಯಾರಿಗೆ ಬರೆಯಬೇಕು ಎಂದು ಇದೆಯಾ? ಒಬ್ಬರಿಗಿಂತ ಜಾಸ್ತಿ ಜನ ಇದ್ದಾರಾ? ಅವರಲ್ಲೇ ಒಬ್ಬರ ಮೇಲೆ ದೂರು ಇದ್ದರೆ ಏನು ಮಾಡಬೇಕು ಎಂದು ಬರೆದಿದ್ದಾರಾ? ಆಮೇಲೆ ಹಳೆಯ ಪುಲ್ ರಿಕ್ವೆಸ್ಟ್‌ಗಳಲ್ಲಿ ಹತ್ತನ್ನು ಓದಿ. ತಿರಸ್ಕರಿಸಿದ್ದನ್ನೇ ಓದಿ. ಬೇಡ ಎನ್ನುವಾಗ ಹೇಗೆ ಮಾತಾಡುತ್ತಾರೆ ಎಂಬುದು ಅಲ್ಲಿ ಕಾಣುತ್ತದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಳು ಎದ್ದು ನಿಂತಳು. "ಆ ಹುಡುಗಿ ಮತ್ತ ಬಂದ್ಲೇನ್ರೀ ಅಕ್ಕಾ?" ಎಂದಳು.

ಇಲ್ಲ. ಎರಡು ವರ್ಷ ಬಿಟ್ಟು ನಾನು ಅವಳಿಗೆ ಬರೆದೆ. ನಾನು ಮಾಡಿದ್ದು ತಪ್ಪು ಎಂದು ಬರೆದೆ. ಮರಳಿ ಬಾ ಎಂದು ಕೇಳಲಿಲ್ಲ. ಉತ್ತರ ಬಂದಿಲ್ಲ, ಬರಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ಅವಳು ಸೇರಿಸಿದ ಮುನ್ನೂರು ಚಿಲ್ಲರೆ ಪದಗಳು ಇಂದಿಗೂ ಆ ಪಟ್ಟಿಯಲ್ಲಿವೆ. ಲಾಳಿ, ಅಣಿ, ಕಂಡಿಕೆ, ಹಾಸು, ಹೊಕ್ಕು. ಯಾರಾದರೂ ಆ ಪದ ಟೈಪ್ ಮಾಡಿದರೆ ಅದರ ಕೆಳಗೆ ಕೆಂಪು ಗೆರೆ ಬರುವುದಿಲ್ಲ.